ಉಕ್ಕುಬೆನ್ನನ ಮೂರನೇ ಸಂಪುಟ

ಸೇಲ್ ಅಂದರೆ ಮುಕ್ಕಾಲು ಪಾಲು ಕಸ. ಸೂಪರ್‌ಹೀರೋ ಕಾಮಿಕ್ಸ್‌ಗಳ ಸೇಲ್ ಅಂತೂ ಹೇಳುವುದೇ ಬೇಡ. ವರ್ಷಕ್ಕೆರಡು ಸಲ, ಗುರುವಾರ ಬೆಳಗ್ಗೆಯಿಂದ ಸೋಮವಾರ ರಾತ್ರಿಯವರೆಗೆ, ಆನ್‌ಲೈನ್ ಅಂಗಡಿಯವರು ಸಾವಿರಾರು ಸಂಪುಟಗಳನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಸುರಿಯುತ್ತಿದ್ದರು. ಮುಖಪುಟದಲ್ಲಿ ಒಬ್ಬ ಇನ್ನೊಬ್ಬನ ದವಡೆಗೆ ಗುದ್ದುತ್ತಿರುತ್ತಾನೆ, ಹಲ್ಲುಗಳು ಸರ ಹರಿದ ಮಣಿಗಳ ಹಾಗೆ ಹಾರುತ್ತಿರುತ್ತವೆ. ಬಾಯಲ್ಲಿ ನೀರೂರಿಸಿಕೊಂಡು ಒಳಗೆ ಹೋದರೆ ಇನ್ನೂರು ಪುಟ ಬರೀ ಭಾಷಣ.

ಹಾಗಂತ ಕಟುಕ ಸೇಲ್ ಬಿಡುವವನಲ್ಲ. ಕಟುಕ ಎನ್ನುವುದು ಇಲ್ಲಿ ಬೈಗುಳವಲ್ಲ, ಅವನ ಕಸುಬು. ಊರಾಚೆಯ ಮಾಂಸದ ಕಾರ್ಖಾನೆಯಲ್ಲಿ ಕುರಿಯ ಭುಜದಿಂದ ಮೂಳೆ ಬಿಡಿಸುವ ಕೆಲಸ. ಎಡಗೈಗೆ ಉಕ್ಕಿನ ಸಣ್ಣ ಸಣ್ಣ ಉಂಗುರಗಳನ್ನು ಹೆಣೆದು ಮಾಡಿದ ಗವಸು, ಬಲಗೈಯಲ್ಲಿ ಗೇಣುದ್ದದ ಚೂರಿ. ಭುಜವನ್ನು ಹಲಗೆಯ ಮೇಲೆ ಮಗುಚಬೇಕು, ಹೆಬ್ಬೆರಳಿನಿಂದ ಕೀಲು ಎಲ್ಲಿದೆ ಎಂದು ತಡವಬೇಕು, ಚೂರಿಯ ತುದಿ ತೂರಿಸಿ ತಿರುವಬೇಕು. ಟಕ್ ಎನ್ನುತ್ತದೆ. ದಿನಕ್ಕೆ ಇನ್ನೂರು ಟಕ್. ಹದಿನೆಂಟು ವರ್ಷದಿಂದ ಇದನ್ನೇ ಮಾಡಿ ಮಾಡಿ ಅವನಿಗೆ ಯಾವುದನ್ನು ನೋಡಿದರೂ ಎಲುಬೆಷ್ಟು ಮಾಂಸವೆಷ್ಟು ಎಂದು ಅಳೆಯುವ ಚಟ ಹತ್ತಿತ್ತು. ಕಾಮಿಕ್ಸನ್ನೂ ಹಾಗೇ ಅಳೆಯುತ್ತಿದ್ದ.

ಅಂಗಡಿಯವರು ಪ್ರತಿ ಸಂಪುಟದ ಮೊದಲ ಹತ್ತು ಪುಟ ಪುಕ್ಕಟೆ ತೋರಿಸುತ್ತಿದ್ದರು. ಅದರಲ್ಲಿ ಅವನು ಹುಡುಕುತ್ತಿದ್ದುದು ಒಂದು ಹೊಡೆದಾಟ. ಏಟು ಯಾರ ಭುಜದಿಂದ ಹೊರಟು ಯಾರ ಪಕ್ಕೆಗೆ ಬಿತ್ತು, ಬಿದ್ದವನು ಯಾವ ಕಡೆಗೆ ಉರುಳಿದ ಎಂದು ತಿಳಿಯುವ ಹಾಗಿದ್ದರೆ ಆ ಚಿತ್ರಗಾರನಿಗೆ ಮೈ ಎಂದರೇನು ಎಂದು ಗೊತ್ತಿದೆ ಅಂತ ಲೆಕ್ಕ. ಬರೀ ಹೊಗೆ, ಬೆಳಕು, ದೊಡ್ಡಕ್ಷರದಲ್ಲಿ 'ಢಮಾರ್' ಇದ್ದರೆ ಮುಚ್ಚಿ ಮುಂದೆ ಹೋಗುವುದು. ಆಮೇಲೆ ಚಿತ್ರಗಾರ ನಡುವೆ ಕೈಕೊಟ್ಟಿದ್ದಾನೋ ಎಂದು ನೋಡುತ್ತಿದ್ದ. ಕಥೆ ಅದೇ ಸಂಪುಟದಲ್ಲಿ ಮುಗಿಯುತ್ತದೋ ಇಲ್ಲ ಮುಂದಿನದನ್ನೂ ಕೊಳ್ಳಿ ಎಂದು ಅರ್ಧಕ್ಕೇ ನಿಲ್ಲುತ್ತದೋ ಎಂದು ಓದಿದವರ ಬೈಗುಳಗಳಲ್ಲಿ ಹುಡುಕುತ್ತಿದ್ದ. ಹಳೇ ಸರಕನ್ನೇ ಹೊಸ ಹೆಸರಿನಲ್ಲಿ ಕಟ್ಟಿ ಕೊಡುವ ಮೋಸ ಹಿಡಿಯುವುದರಲ್ಲಂತೂ ಅವನದು ಎತ್ತಿದ ಕೈ. ಪೂರ್ತಿ ಬೆಲೆ ಕೊಟ್ಟು ಒಂದು ಪುಸ್ತಕವನ್ನೂ ಅವನು ಜೀವಮಾನದಲ್ಲಿ ಕೊಂಡಿರಲಿಲ್ಲ, ಮತ್ತು ಇದನ್ನು ಹೇಳಿಕೊಳ್ಳುವುದಕ್ಕೆ ಅವನಿಗೆ ನಾಚಿಕೆಯೂ ಇರಲಿಲ್ಲ.

ಈ ಹುಚ್ಚಿನಲ್ಲಿ ಅವನಿಗೆ ಒಬ್ಬಳೇ ಜೊತೆ, ಅವನ ಅಕ್ಕ. ಇಬ್ಬರಿಗೂ ಸೇರಿ ಒಂದೇ ಖಾತೆ, 'ಬೇಕಾದವು' ಎಂಬ ಒಂದೇ ಪಟ್ಟಿ. ಪಟ್ಟಿಗೆ ಸೇರಿಸುವುದು ಅಕ್ಕನ ಕೆಲಸ, ತೆಗೆಯುವುದು ತಮ್ಮನ ಕೆಲಸ. ಅವಳು ಮುಖಪುಟಕ್ಕೆ ಮರುಳಾಗಿ ಕಂಡದ್ದನ್ನೆಲ್ಲ ತುಂಬುವಳು. ಇವನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಾರ್ಖಾನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಕಿತ್ತುಹಾಕುವನು. ಸಂಜೆ ಫೋನಿನಲ್ಲಿ ಜಗಳ. "ಯಾಕೋ ತೆಗ್ದೆ ಅದನ್ನ?" "ಚಿತ್ರಗಾರ ಕುಡಿದು ಬರೆದಿದ್ದಾನೆ ಕಣೇ ಅಕ್ಕ." "ನಿಂಗೇನೋ ಗೊತ್ತು, ಕುರಿ ಕಡಿಯೋನೆ." ಆ ಜಗಳಕ್ಕಾಗಿಯೇ ಸೇಲ್ ಬರುತ್ತಿತ್ತು ಎಂದರೂ ತಪ್ಪಿಲ್ಲ.

ಈ ಸಲ ಜಗಳ ಇರಲಿಲ್ಲ. ಅಕ್ಕನ ಫೋನು ಕೆಟ್ಟು ಹತ್ತು ದಿನವಾಗಿತ್ತು. ರಿಪೇರಿಗೆ ಕೊಟ್ಟಿದ್ದೇನೆ, ಬಿಡಿಭಾಗ ಬರಬೇಕು ಎಂದು ಭಾವ ಹೇಳಿದ್ದ. ಭಾವ ಬೀಗದ ಕೆಲಸದವನು. ಕೆಳಗೆ ಬೀಗದ ಅಂಗಡಿ, ಮೇಲೆ ಮನೆ. ತಣ್ಣಗೆ ಮಾತಾಡುವ, ಪ್ರತಿ ಮಾತಿಗೂ ನಗುವ ಮನುಷ್ಯ. ಅಕ್ಕನ ಕೈಯ ಮೇಲೆ ಕಂದುಗಟ್ಟಿದ ಗುರುತನ್ನು ತಮ್ಮ ಎರಡು ಸಲ ನೋಡಿದ್ದ. ಮೆಟ್ಟಿಲಲ್ಲಿ ಜಾರಿದೆ ಅಂದಿದ್ದಳು. ನಂಬಿದ್ದ ಎನ್ನುವುದಕ್ಕಿಂತ ನಂಬಿದರೆ ಅನುಕೂಲ ಎಂದು ಬಿಟ್ಟಿದ್ದ ಎನ್ನಬೇಕು. ಕಾಮಿಕ್ಸ್ ಓದುವ ಟ್ಯಾಬು ಅವಳ ಕೈಯಲ್ಲಿದೆಯಲ್ಲ, ಅಕ್ಕ ಆರಾಮಾಗಿದ್ದಾಳೆ ಎಂದುಕೊಂಡಿದ್ದ.

ಗುರುವಾರ ಮಧ್ಯಾಹ್ನ ಪಟ್ಟಿ ತೆರೆದರೆ ಒಂದೇ ಒಂದು ಪುಸ್ತಕ ಇತ್ತು. ಉಕ್ಕುಬೆನ್ನ, ಮೂರನೇ ಸಂಪುಟ.

ಕಟುಕ ಮೂಗು ಮುರಿದ. ಉಕ್ಕುಬೆನ್ನ ಅವರಿಬ್ಬರ ಬಾಲ್ಯದ ಹೀರೋ. ಅವನಿಗೆ ಹಾರಲು ಬಾರದು, ಕಣ್ಣಿಂದ ಬೆಂಕಿ ಬಾರದು. ಬೆನ್ನು ಮಾತ್ರ ಉಕ್ಕು. ಯಾರಿಗೆ ಏಟು ಬೀಳುತ್ತಿದೆಯೋ ಅವರ ಮೇಲೆ ಕವುಚಿ ಮಲಗುತ್ತಾನೆ. ಹೊಡೆದವನ ಕೋಲು ಮುರಿಯುತ್ತದೆ, ಕೈ ಮುರಿಯುತ್ತದೆ, ಕೊನೆಗೆ ಹಟ ಮುರಿಯುತ್ತದೆ. ಒಂದು, ಎರಡು, ನಾಲ್ಕನೇ ಸಂಪುಟಗಳು ಬಂಗಾರ. ಮೂರನೆಯದು ಮಾತ್ರ ಯಾರೋ ಬಾಡಿಗೆ ಚಿತ್ರಗಾರ ಗೀಚಿದ್ದು. ಹೀರೋನ ಬೆನ್ನಿನ ಉಕ್ಕು ಕರಗಿಹೋಗಿ ಅವನು ನೂರಿಪ್ಪತ್ತು ಪುಟ ಹಾಸಿಗೆಯಲ್ಲಿ ಬಿದ್ದು ನರಳುತ್ತಾನೆ. ಮುಖವಂತೂ ಕುಂಬಳಕಾಯಿ. ಈಗ ಹೊಸ ಮುಖಪುಟ ಹಾಕಿ ಮಾರಾಟಕ್ಕಿಟ್ಟಿದ್ದರು. ಅಕ್ಕ ಎಲ್ಲೋ ಕೈತಪ್ಪಿ ಒತ್ತಿದ್ದಾಳೆ ಎಂದುಕೊಂಡು ಪಟ್ಟಿಯಿಂದ ತೆಗೆದ.

ಶುಕ್ರವಾರ ಮಧ್ಯಾಹ್ನ ಅದೇ ಪುಸ್ತಕ ಮತ್ತೆ ಪಟ್ಟಿಯಲ್ಲಿತ್ತು. ಅವನಿಗೆ ರೇಗಿತು. "ಈ ವಯಸ್ಸಲ್ಲಿ ಇವಳಿಗೆ ರುಚಿ ಕೆಟ್ಟಿತು" ಎಂದು ಗೊಣಗಿ, ತುಂಡು ರೊಟ್ಟಿ ಬಾಯಲ್ಲಿಟ್ಟುಕೊಂಡೇ ಮತ್ತೆ ತೆಗೆದುಹಾಕಿದ. ಶನಿವಾರ ಪಟ್ಟಿ ಖಾಲಿ. ಭಾನುವಾರವೂ ಖಾಲಿ. ಸದ್ಯ ಬುದ್ಧಿ ಬಂತು ಎಂದುಕೊಂಡ.

ಸೋಮವಾರ ಸೇಲಿನ ಕೊನೆಯ ದಿನ. ಊಟದ ಹೊತ್ತಿಗೆ ಅವನು ಎಂದಿನ ಮೆಟ್ಟಿಲ ಮೇಲೆ ಕೂತಿದ್ದ. ಉಕ್ಕಿನ ಗವಸು ಇನ್ನೂ ಎಡಗೈಯಲ್ಲೇ ಇತ್ತು. ಅದನ್ನು ಬಿಚ್ಚಿ ಮತ್ತೆ ಹಾಕುವುದೇ ಒಂದು ರಗಳೆ. ಕೆಳಗಿನ ಮೆಟ್ಟಿಲಲ್ಲಿ ಗರಗಸದಮ್ಮ ಬಂದು ದೊಪ್ಪನೆ ಕೂತಳು. ಮೂವತ್ತು ವರ್ಷ ಮೂಳೆ ಕೊಯ್ಯುವ ಗರಗಸದ ಮುಂದೆ ನಿಂತು ಹತ್ತೂ ಬೆರಳು ಉಳಿಸಿಕೊಂಡ ಹೆಂಗಸು. ಹೊಸಬರು ಬಂದಾಗಲೆಲ್ಲ ಹತ್ತು ಬೆರಳನ್ನೂ ಎಣಿಸಿ ತೋರಿಸುವುದು ಅವಳ ಪದ್ಧತಿ. ಮೈಕಟ್ಟು ಹೇಗೆಂದರೆ, ಅವಳು ಕೂತ ಮೆಟ್ಟಿಲಿನಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ.

"ನನ್ನ ಮೊಮ್ಮಗಳಿಗೆ ಒಂದು ಕೊಡಿಸ್ಬೇಕು ಕಣೋ. ಇವತ್ತೇ ಕೊನೆ ಅಂದ್ಯಲ್ಲ. ಯಾವುದು ತಗೊಳ್ಳಿ?"

"ಉಕ್ಕುಬೆನ್ನ ತಗೊಳ್ಳಿ. ಒಂದು, ಎರಡು, ನಾಲ್ಕು, ಕಣ್ಮುಚ್ಚಿ ತಗೊಳ್ಳಿ. ಮೂರು ಮಾತ್ರ ಮುಟ್ಬೇಡಿ."

"ಯಾಕೆ, ನಡುವಿಂದು ಬಿಟ್ರೆ ಕಥೆ ತಪ್ಪಿಹೋಗಲ್ವಾ?"

"ಕಥೆ ಇದ್ರೆ ತಾನೇ ತಪ್ಪೋದು?" ಎಂದು ಹೇಳುತ್ತಾ ಅವನು ಪಟ್ಟಿ ತೆರೆದ. ಮೂರನೇ ಸಂಪುಟ ಮತ್ತೆ ಬಂದು ಕೂತಿತ್ತು. "ನೋಡಿ, ನಮ್ಮಕ್ಕ ಮೂರ್ನೇ ಸಲ ಇದನ್ನೇ ಹಾಕಿದ್ದಾಳೆ. ಹುಚ್ಚು ಹಿಡ್ದಿದೆ. ಎಂಥಾ ದರಿದ್ರ ಪುಸ್ತಕ ಅಂದ್ರೆ, ಚಿಕ್ಕವರಿದ್ದಾಗ ನಾವು ಇದನ್ನ ಕಿಟಕೀಲಿ ಇಡೋಕೆ ಬಿಟ್ರೆ..."

ಮಾತು ಅಲ್ಲೇ ನಿಂತಿತು. ತೆಗೆಯಲೆಂದು ಎತ್ತಿದ್ದ ಹೆಬ್ಬೆರಳೂ ಅಲ್ಲೇ ನಿಂತಿತು.

ಕಿಟಕಿ. ಅವರಪ್ಪ ಲಾರಿ ರಿಪೇರಿಯವನು. ಅಮ್ಮ ಹೋದ ಮೇಲೆ ಅವನ ಕೋಪಕ್ಕೆ ಹೊತ್ತುಗೊತ್ತು ಇರಲಿಲ್ಲ. ಹೊಡೆಯುತ್ತಿದ್ದುದು ಲಾರಿಯ ಹಳೇ ಫ್ಯಾನ್‌ಬೆಲ್ಟಿನಿಂದ. ಅದು ಬಿದ್ದ ಕಡೆ ಮೊದಲು ಬಿಳಿ ಗೆರೆ, ಆಮೇಲೆ ಕೆಂಪು, ಮರುದಿನ ಕಪ್ಪು. ಶಾಲೆಯಿಂದ ಅಕ್ಕ ಬೇಗ ಮನೆಗೆ ಬರುತ್ತಿದ್ದಳು, ತಮ್ಮ ತಡವಾಗಿ. ಒಳಗೆ ಅಪ್ಪ ಬೆಲ್ಟು ಕೈಗೆತ್ತಿಕೊಂಡಿದ್ದರೆ ಅಕ್ಕ ಬೀದಿ ಕಡೆಯ ಕಿಟಕಿಯ ಸರಳಿಗೆ ಒಂದು ಪುಸ್ತಕ ಒರಗಿಸಿ ಇಡುತ್ತಿದ್ದಳು. ಮಳೆಗೆ ನೆನೆದರೂ ಅಪ್ಪ ಹರಿದರೂ ಹೊಟ್ಟೆ ಉರಿಯದಂಥ ಪುಸ್ತಕವೇ ಆಗಬೇಕಲ್ಲ, ಅದಕ್ಕೇ ಮೂರನೇ ಸಂಪುಟ. ತಮ್ಮ ಬೀದಿಯಿಂದಲೇ ಕೈಹಾಕಿ ಸರಳಿನ ಸಂದಿಯಿಂದ ಪುಸ್ತಕವನ್ನು ಎಳೆದುಕೊಳ್ಳುತ್ತಿದ್ದ. ಎಳೆದುಕೊಂಡರೆ, ಕಂಡೆ, ಮಾವನನ್ನು ಕರೆತರುತ್ತೇನೆ ಎಂದು ಅರ್ಥ. ಸೋದರಮಾವನ ಮನೆ ಎರಡು ಬೀದಿ ಆಚೆ. ಎದೆಗೆ ಪುಸ್ತಕ ಒತ್ತಿಕೊಂಡು ಓಡುತ್ತಿದ್ದ. ಮಾವ ಬಂದು ಅಪ್ಪನ ಕೈ ತಿರುಚಿ ಗೋಡೆಗೆ ಒತ್ತಿ ಹಿಡಿಯುವವರೆಗೆ ಅಕ್ಕ ಒಳಗೆ ಹಲ್ಲು ಕಚ್ಚಿ ತಡೆಯುತ್ತಿದ್ದಳು.

ಕಟುಕ ಎದ್ದು ನಿಂತ. ಇಪ್ಪತ್ತೈದು ವರ್ಷವಾಗಿತ್ತು, ಹೊಸ ಮುಖಪುಟ ಇತ್ತು, ನಿಜ. ಆದರೆ ಈ ನೆಪಗಳೆಲ್ಲ ಆಮೇಲೆ ಹೊಳೆದವು. ಆ ಹೊತ್ತಿಗೆ ಹೊಳೆದದ್ದು ಒಂದೇ: ಅಕ್ಕ ಕಿಟಕಿಯಲ್ಲಿ ಪುಸ್ತಕ ಇಟ್ಟಿದ್ದಾಳೆ. ಮೂರು ಸಲ ಇಟ್ಟಿದ್ದಾಳೆ. ಆ ಪುಸ್ತಕವನ್ನು ಎರಡು ಸಲ ತೆಗೆದ ತನ್ನ ಕೈ ಅವಳಿಗೆ ಏನು ಹೇಳಿತು ಎಂದು ಯೋಚಿಸುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

"ಕಾರ್ಖಾನೆ ವ್ಯಾನ್ ಕೀಲಿ ನಿಮ್ಹತ್ರ ಇದ್ಯಾ?" ಎಂದ.

ಗರಗಸದಮ್ಮ ಅವನ ಮುಖ ನೋಡಿದಳು, ಏನು ಎತ್ತ ಎಂದು ಕೇಳಲಿಲ್ಲ. "ಚೂರಿ ಇಲ್ಲೇ ಬಿಡು" ಎಂದಳು ಅಷ್ಟೆ. ಅವನು ಸೊಂಟದ ಒರೆಯಿಂದ ಚೂರಿ ತೆಗೆದು ಮೆಟ್ಟಿಲ ಮೇಲಿಟ್ಟ. ಅದು ಜೊತೆಗಿದ್ದರೆ ಕೈ ಕೇಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ವ್ಯಾನು ಓಡಿಸಿದ್ದು ಗರಗಸದಮ್ಮ; ಬೀಗದಂಗಡಿಯ ಮುಂದೆ ಅವನನ್ನು ಇಳಿಸಿ ವ್ಯಾನು ನಿಲ್ಲಿಸಲು ಜಾಗ ಹುಡುಕಿ ಹೋದಳು. ಒಳಗೆ ಭಾವ ಕೀಲಿ ಕೊರೆಯುವ ಯಂತ್ರದ ಮುಂದೆ ಬಗ್ಗಿದ್ದ. ಹಿತ್ತಾಳೆಯ ಪುಡಿ ಅವನ ಮುಂಗೈ ಮೇಲೆ ಮಿನುಗುತ್ತಿತ್ತು. ಗೋಡೆ ತುಂಬ ಸಾಲು ಸಾಲು ಕೀಲಿಗಳು, ಮೇಜಿನ ಮೇಲೆ ಅರ್ಧ ಬಿಚ್ಚಿದ ಬೀಗ, ಅದರ ಸ್ಪ್ರಿಂಗು, ಸಣ್ಣ ಸುತ್ತಿಗೆ, ದೊಡ್ಡ ಸುತ್ತಿಗೆ. ಕಟುಕನನ್ನು ಕಂಡು ಯಂತ್ರ ನಿಲ್ಲಿಸಿ ನಕ್ಕ.

"ಏನಯ್ಯಾ, ಏಪ್ರನ್ ಸಮೇತ ಬಂದ್ಬಿಟ್ಟೆ? ಮೈಯೆಲ್ಲ ರಕ್ತ. ಗಿರಾಕಿಗಳು ಹೆದ್ರಿ ಓಡ್ತಾರಷ್ಟೆ."

"ಭಾವ, ಅಕ್ಕ ಎಲ್ಲಿ?"

"ಅವಳಾ? ಗೆಳತಿ ಮನೆಗೆ ಹೋಗಿದ್ದಾಳೆ. ಶನಿವಾರಾನೇ ಹೋದ್ಲು. ನಾಲ್ಕು ದಿನ ಇದ್ದು ಬರ್ತಾಳೆ."

"ಟ್ಯಾಬು ತಗೊಂಡು ಹೋಗಿದ್ದಾಳಾ?"

"ಆ ಹಾಳು ಬೊಂಬೆ ಪುಸ್ತಕದ್ದಾ? ಅದಿಲ್ಲೇ ಮೇಲಿದೆ ನೋಡು. ಅದ್ರಲ್ಲಿ ಇನ್ನೇನೂ ಇಲ್ಲ, ಫೋನು, ಮೆಸೇಜು ಎಲ್ಲಾ ನಾನೇ ತೆಗ್ದುಹಾಕಿದ್ದೀನಿ. ಬೊಂಬೆ ನೋಡ್ಕೊಂಡು ಬಿದ್ದಿರ್ಲಿ ಅಂತ ಅದೊಂದು ಬಿಟ್ಟಿದ್ದೆ." ಇನ್ನೂ ನಗುತ್ತಲೇ ಇದ್ದ. ತಾನು ಏನು ಹೇಳಿಬಿಟ್ಟೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಟ್ಯಾಬು ಮೇಲಿದೆ. ಪುಸ್ತಕ ಪಟ್ಟಿಗೆ ಸೇರಿದ್ದು ಇವತ್ತು ಬೆಳಗ್ಗೆ. ಕಟುಕ ಎರಡನ್ನೂ ಸೇರಿಸಿ ನೋಡಿಕೊಂಡು ಅಂಗಡಿಯ ಹಿಂದಿನ ಮೆಟ್ಟಿಲು ಹತ್ತಿದ. ಮೇಲಿನ ಬಾಗಿಲಿಗೆ ಹೊರಗಿನಿಂದ ಮೂರು ಬೀಗ ಬಿದ್ದಿದ್ದವು. ಮೂರೂ ಹೊಸವು, ಭಾವನ ಕೈಯಲ್ಲೇ ಮಾಡಿದವು, ಚೆಂದದವು. ಗೆಳತಿ ಮನೆಗೆ ಹೋದವಳ ಮನೆಗೆ ಮೂರು ಬೀಗ ಯಾಕೆ?

"ಅಕ್ಕಾ!" ಎಂದು ಕೂಗಿ ಬಾಗಿಲು ಬಡಿದ.

ಒಳಗಿನಿಂದ ಏನೋ ಬಿದ್ದ ಸದ್ದಾಯಿತು. ಆಮೇಲೆ ಅಕ್ಕನ ದನಿ, ಒಣಗಿದ ದನಿ. "ಬಂದ್ಯಾ?"

ಅವನು ಉತ್ತರ ಕೊಡುವ ಮೊದಲೇ ಬೆನ್ನಿಗೆ ಸುತ್ತಿಗೆ ಬಿತ್ತು. ಬೆನ್ನು ಉಕ್ಕಾಗಿರಲಿಲ್ಲ. ಉಸಿರು ಹೊರಗೆ ಹೋದದ್ದು ಒಳಗೆ ಬರಲು ಒಪ್ಪಲಿಲ್ಲ. ಬಾಗಿಲಿಗೆ ಹಣೆ ಬಡಿಯಿತು, ಮಂಡಿ ಮಡಚಿತು. ತಿರುಗಿ ನೋಡಿದರೆ ಭಾವ ಎರಡು ಮೆಟ್ಟಿಲು ಕೆಳಗೆ ನಿಂತಿದ್ದ, ಕೈಯಲ್ಲಿ ದೊಡ್ಡ ಸುತ್ತಿಗೆ, ಮುಖದಲ್ಲಿ ಅದೇ ನಗು.

"ನನ್ ಮನೆ ವಿಷ್ಯ ಇದು. ಕೆಳಗಿಳಿ."

"ಬೀಗ ತೆಗಿಯೋ" ಎಂದ ಕಟುಕ. ಹದಿನಾಲ್ಕು ವರ್ಷ 'ಭಾವ' 'ನೀವು' ಎಂದಿದ್ದ ಬಾಯಿ ಒಂದೇ ಏಟಿಗೆ ಅದನ್ನೆಲ್ಲ ಉಗುಳಿಬಿಟ್ಟಿತು. "ತೆಗಿ ಅಂದೆ!"

ಸುತ್ತಿಗೆ ಮತ್ತೆ ಎದ್ದಿತು. ಕಟುಕ ಎಡಗೈ ಅಡ್ಡ ಹಿಡಿದ. ಉಕ್ಕಿನ ಗವಸು ಚೂರಿಗೆಂದು ಮಾಡಿದ್ದು, ಸುತ್ತಿಗೆಗಲ್ಲ. ಏಟು ಉಂಗುರಗಳನ್ನು ದಾಟಿ ಮೂಳೆಗೆ ಇಳಿಯಿತು. ಆದರೂ ಆ ಕೈ ಸುತ್ತಿಗೆಯ ಹಿಡಿಯನ್ನು ಹಿಡಿದುಕೊಂಡಿತು. ಬಲಗೈಯಿಂದ ಭಾವನ ಭುಜ ಹಿಡಿದ. ಹೆಬ್ಬೆರಳು ತಾನಾಗಿಯೇ ಕೀಲು ಹುಡುಕಿತು. ಇನ್ನೂರು ಸಲ ದಿನಾ ಹುಡುಕುವ ಜಾಗ. ಒತ್ತಿ, ಎಳೆದು, ತಿರುವಿದ.

ಟಕ್.

ಭಾವ ಕಿರುಚಿದ. ಕುರಿಗಳು ಕಿರುಚುವುದಿಲ್ಲ, ಅವು ಬರುವ ಹೊತ್ತಿಗೆ ಸತ್ತಿರುತ್ತವೆ. ಆ ಕೂಗಿಗೆ ಕಟುಕನ ಕೈ ಅರೆಕ್ಷಣ ಸಡಿಲಾಯಿತು. ಅಷ್ಟು ಸಾಕಾಯಿತು. ಭಾವನ ಒಂದು ತೋಳು ಬಟ್ಟೆಯ ತುಂಡಿನ ಹಾಗೆ ಜೋತುಬಿದ್ದಿದ್ದರೂ ಇನ್ನೊಂದು ಕೈ ಸುತ್ತಿಗೆಯನ್ನು ಕಸಿದುಕೊಂಡಿತು. ಬಾಗಿಲ ಚೌಕಟ್ಟಿಗೆ ಆನಿಸಿದ್ದ ಕಟುಕನ ಬಲಗೈ ಮೇಲೆ ಸುತ್ತಿಗೆ ಬಿತ್ತು. ಮತ್ತೆ ಬಿತ್ತು. ಮೂರನೇ ಏಟಿಗೆ ಬೆರಳುಗಳು ತನ್ನವಲ್ಲ ಎನಿಸಿತು. ಚೌಕಟ್ಟಿನ ಬಿಳಿ ಬಣ್ಣದ ಮೇಲೆ ರಕ್ತ ಇಳಿಯಿತು.

"ಬೊಂಬೆ ಪುಸ್ತಕ ಓದಿ ಹೀರೋ ಆಗೋಕೆ ಬಂದ್ಯಾ?" ಭಾವ ಏದುಸಿರು ಬಿಡುತ್ತಾ ಒದ್ದ. ಪಕ್ಕೆಗೆ ಒದ್ದ, ಮುಖಕ್ಕೆ ಒದ್ದ. ಕಟುಕ ಬಾಗಿಲಿಗೆ ಒರಗಿ ಮುದುಡಿಕೊಂಡ. ಬಾಯಲ್ಲಿ ಒಂದು ಹಲ್ಲು ಸಡಿಲವಾಗಿ ನಾಲಿಗೆಗೆ ತಾಗುತ್ತಿತ್ತು. ಕಾಮಿಕ್ಸಿನಲ್ಲಾದರೆ ಈ ಹೊತ್ತಿಗೆ ಏನಾದರೂ ಆಗಬೇಕಿತ್ತು, ಬೆನ್ನಿನೊಳಗಿಂದ ಏನಾದರೂ ಏಳಬೇಕಿತ್ತು. ಏನೂ ಏಳಲಿಲ್ಲ. ಭಯ ಒಂದೇ ಎದ್ದಿತು. ತಾನು ಇಲ್ಲಿ ಸಾಯುತ್ತೇನೆ, ಅಕ್ಕ ಒಳಗೇ ಉಳಿಯುತ್ತಾಳೆ ಎಂಬ ಭಯ.

ಆಗ ಒಳಗಿನಿಂದ ಠಣ್ ಎಂದು ಕೇಳಿಸಿತು. ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದು. ಮತ್ತೆ ಠಣ್.

ಬೀಗದವನಿಗೆ ಬೀಗದ ಮೇಲೆ ಎಂಥ ನಂಬಿಕೆ ನೋಡಿ. ಮೂರು ಬೀಗ ಹೊರಗೆ ಹಾಕಿ ನೆಮ್ಮದಿಯಾಗಿದ್ದ. ಬಾಗಿಲು ಒಳಮುಖವಾಗಿ ತೆರೆಯುವಂಥದ್ದು, ಅದನ್ನು ಚೌಕಟ್ಟಿಗೆ ಹಿಡಿದಿದ್ದ ತಿರುಗಣಿಗಳ ಮೊಳೆ ಒಳಗಡೆ ಅಕ್ಕನ ಕೈಗೆ ಸಿಗುವ ಹಾಗಿತ್ತು. ಅಕ್ಕನಿಗೆ ಅದು ಕೂಡಿಹಾಕಿದ ಮೊದಲ ದಿನವೇ ಕಂಡಿತ್ತು. ಹೊಡೆದರೆ ಕೆಳಗೆ ಅಂಗಡಿಗೆ ಕೇಳಿಸುತ್ತದೆ ಎಂದು ಸುಮ್ಮನಿದ್ದಳು. ಈಗ ಕೇಳಿಸಿಕೊಳ್ಳುವವನು ಬಾಗಿಲಾಚೆ ತಮ್ಮನನ್ನು ಒದೆಯುತ್ತಿದ್ದ, ಇನ್ನು ಯಾರಿಗೆ ಹೆದರುವುದು?

ಮೂರನೇ ಮೊಳೆ ಹಾರಿತು. ಬಾಗಿಲಿನ ಒಂದು ಬದಿ ಒಳಗೆ ವಾಲಿತು. ಸಂದಿಯಿಂದ ಅಕ್ಕ ಹೊರಗೆ ಬಂದಳು. ಬಲಗೈಯನ್ನು ದಿಂಬಿನ ಹೊದಿಕೆಯಿಂದ ಕುತ್ತಿಗೆಗೆ ಕಟ್ಟಿಕೊಂಡಿದ್ದಳು; ಮುಂಗೈ ಎಲ್ಲಿ ಬಾಗಬಾರದೋ ಅಲ್ಲಿ ಬಾಗಿತ್ತು. ಒಂದು ಕಣ್ಣು ಪೂರ್ತಿ ಮುಚ್ಚಿಕೊಂಡಿತ್ತು. ಎಡಗೈಯಲ್ಲಿ ಇಸ್ತ್ರಿಪೆಟ್ಟಿಗೆ, ಹಳೇ ಕಾಲದ ಭಾರದ್ದು.

ಭಾವ ಸುತ್ತಿಗೆ ಎತ್ತಿಕೊಂಡೇ ಅವಳ ಕಡೆ ತಿರುಗಿದ. "ಒಳಗ್ ಹೋಗು" ಎಂದ, ನಾಯಿಗೆ ಹೇಳುವ ಹಾಗೆ. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಇಸ್ತ್ರಿಪೆಟ್ಟಿಗೆಯನ್ನು ಕೆಳಗಿನಿಂದ ಮೇಲಕ್ಕೆ ಬೀಸಿದಳು. ಏಟು ಎಲ್ಲಿಂದ ಹೊರಟು ಎಲ್ಲಿ ಬಿತ್ತು ಎಂದು ಕಟುಕ ಬಿದ್ದಲ್ಲಿಂದಲೇ ಸ್ಪಷ್ಟವಾಗಿ ನೋಡಿದ. ಸೊಂಟದಿಂದ ಹೊರಟಿತು, ದವಡೆಗೆ ಬಿತ್ತು. ಭಾವನ ತಲೆ ಹಿಂದಕ್ಕೆ ಎಗರಿತು, ಕಾಲು ಮೆಟ್ಟಿಲು ತಪ್ಪಿತು, ಹದಿನಾರು ಮೆಟ್ಟಿಲನ್ನೂ ಒಂದೊಂದಾಗಿ ಬಡಿದುಕೊಂಡು ಕೆಳಗೆ ಹೋದ. ಕೆಳಗೆ ಅವನು ಏಳಲು ನೋಡುವಷ್ಟರಲ್ಲಿ ವ್ಯಾನು ನಿಲ್ಲಿಸಿ ಒಳಗೆ ಬಂದ ಗರಗಸದಮ್ಮ, ಸುತ್ತಲೂ ಕಣ್ಣಾಡಿಸಿ, ಆಗಬೇಕಾದ್ದನ್ನು ಅರ್ಥ ಮಾಡಿಕೊಂಡು, ಅವನ ಎದೆಯ ಮೇಲೆ ಕೂತುಬಿಟ್ಟಳು.

"ಅಲ್ಲಾಡ್ಬೇಡ" ಎಂದಳು. "ನನ್ ಭಾರ ನಿಂಗೆ ಗೊತ್ತಿಲ್ಲ." ಅಲ್ಲಿಂದಲೇ ಪೊಲೀಸರಿಗೆ ಫೋನು ಮಾಡಿದಳು. ಅವರು ಬರುವವರೆಗೂ ಏಳಲಿಲ್ಲ.

ಮೇಲೆ ಅಕ್ಕ ತಮ್ಮನ ಪಕ್ಕ ಕುಸಿದಳು. ಇಸ್ತ್ರಿಪೆಟ್ಟಿಗೆ ಇನ್ನೂ ಕೈಯಲ್ಲೇ ಇತ್ತು. ಅದನ್ನು ಬಿಡಿಸಿಕೊಳ್ಳಲು ಅವನ ಎರಡೂ ಕೈಗಳಿಗೆ ಆಗಲಿಲ್ಲ. ಇಬ್ಬರೂ ಅತ್ತರು. ಚಿಕ್ಕವರಿದ್ದಾಗ ಸದ್ದು ಬಾರದ ಹಾಗೆ ಅಳುವುದನ್ನು ಕಲಿತಿದ್ದವರು ಈಗ ಬಾಯಿ ತೆರೆದು ಅತ್ತರು.

ಮೂರು ದಿನ ಕಳೆದ ಮೇಲೆ ಆಸ್ಪತ್ರೆಯಲ್ಲಿ ಅಕ್ಕನಿಗೆ ಎದ್ದು ಓಡಾಡಲು ಬಿಟ್ಟರು. ಅವಳು ನೆಟ್ಟಗೆ ತಮ್ಮನ ವಾರ್ಡಿಗೆ ಬಂದಳು. ಅವನ ಬಲಗೈಗೆ ಮೊಣಕೈಯವರೆಗೆ ಬ್ಯಾಂಡೇಜು, ಒಳಗೆ ಕಂಬಿಗಳು. ಇನ್ನು ಆ ಕೈ ಚೂರಿ ಹಿಡಿಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು. ಎಡಗೈಯಲ್ಲಿ ಹೆಬ್ಬೆರಳು ಮಾತ್ರ ಹೊರಗಿತ್ತು. ಪಕ್ಕೆಯಲ್ಲಿ ಎರಡು ಮೂಳೆ ಮುರಿದು ನಗಲೂ ಆಗುತ್ತಿರಲಿಲ್ಲ. ಭಾವನನ್ನು ಇನ್ನೊಂದು ಆಸ್ಪತ್ರೆಯಲ್ಲಿಟ್ಟಿದ್ದರು, ದವಡೆಗೆ ತಂತಿ ಕಟ್ಟಿ, ಮಂಚದ ಪಕ್ಕ ಪೊಲೀಸರನ್ನು ಕೂರಿಸಿ. ಅವನು ನಗುವುದು ಸದ್ಯಕ್ಕೆ ನಿಂತಿತ್ತು.

ಅಕ್ಕ ಕುರ್ಚಿ ಎಳೆದು ಕೂತಳು. ತೊಡೆಯ ಮೇಲೆ ಗಾಜು ಒಡೆದ ಟ್ಯಾಬು.

"ತಡ ಆಗಿಹೋಯ್ತು ಅಕ್ಕ" ಎಂದ ಅವನು. ಮೂರು ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು. "ನಂಗೆ ಸೋಮವಾರದವರೆಗೂ ತಲೆಗೆ ಹೋಗ್ಲಿಲ್ಲ."

ಅವಳು ಅವನನ್ನು ನೋಡಿದಳು. "ಹಾಗಾದ್ರೆ ಗುರುವಾರ ಯಾಕೋ ತೆಗ್ದೆ?"

"ಕೆಟ್ಟ ಪುಸ್ತಕ ಅಂತ. ಕೈತಪ್ಪಿ ಒತ್ತಿದ್ದೀಯ ಅಂತ."

ಅವಳು ಟ್ಯಾಬನ್ನು ತೊಡೆಯ ಮೇಲೆ ಮಗುಚಿ ಇಟ್ಟಳು. ಆಚೆ ಮಂಚದ ರೋಗಿಯ ಕೆಮ್ಮು ನಿಲ್ಲುವವರೆಗೆ ಕಾದು, ಮೆತ್ತಗೆ ಹೇಳಿದಳು. "ನೀನು ತೆಗ್ದಿದ್ದು ಕಂಡಾಗ ನಾನು ಚೀಲ ಕಟ್ಟಿದೆ. ಎರಡು ಸೀರೆ, ಟ್ಯಾಬು, ಅಮ್ಮನ ಫೋಟೋ. ಬಾಗಿಲ ಹಿಂದೆ ಕೂತೆ. ಕಂಡಿದ್ದಾನೆ, ಬರ್ತಾನೆ ಅಂತ. ಸಂಜೆ ಆದ್ರೂ ನೀನು ಬರ್ಲಿಲ್ಲ, ಅವ್ರು ಮೇಲೆ ಬರೋ ಹೊತ್ತಾಯ್ತು, ಬಿಚ್ಚಿಟ್ಟೆ. ಕೆಲ್ಸದಿಂದ ಬಿಟ್ಟಿರ್ಲಿಕ್ಕಿಲ್ಲ ಅಂದ್ಕೊಂಡೆ. ಶುಕ್ರವಾರ ಮತ್ತೆ ಇಟ್ಟೆ. ನೀನು ಮತ್ತೆ ತೆಗ್ದೆ. ಇವತ್ತಂತೂ ಬಂದೇ ಬರ್ತಾನೆ ಅಂತ ಚಪ್ಪಲಿ ಕೂಡ ಹಾಕ್ಕೊಂಡು ನಿಂತಿದ್ದೆ ಕಣೋ. ಕೆಳಗೆ ಹೆಜ್ಜೆ ಸದ್ದಾಯ್ತು, ನೀನೇ ಅಂತ ಚೀಲ ಎತ್ಕೊಂಡೆ."

ಬಂದವನು ತಮ್ಮನಾಗಿರಲಿಲ್ಲ. ಮುಂದಿನದನ್ನು ಅವಳು ಹೇಳಲಿಲ್ಲ, ಬ್ಯಾಂಡೇಜು ಕಟ್ಟಿದ ಕೈಯನ್ನು ಸ್ವಲ್ಪ ಎತ್ತಿ ಮತ್ತೆ ಇಳಿಸಿದಳು.

ಕಟುಕನಿಗೆ ಆಗ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಮೆಟ್ಟಿಲ ಮೇಲೆ ರೊಟ್ಟಿ ಅಗಿಯುತ್ತಾ ಅವನು ಕಸ ತೆಗೆದಿದ್ದ; ಬಾಗಿಲ ಹಿಂದೆ ಅವಳು ಅದನ್ನು ಮಾತು ಕೊಟ್ಟದ್ದು ಎಂದು ತಿಳಿದು ಕಾದಿದ್ದಳು. ಪಕ್ಕೆಯ ನೋವು, ಕೈಯ ನೋವು ಇದರ ಮುಂದೆ ಏನೂ ಅಲ್ಲ. ಕ್ಷಮಿಸು ಎನ್ನಲು ನಾಚಿಕೆಯಾಯಿತು. ಅಷ್ಟು ಸಣ್ಣ ಮಾತನ್ನು ಯಾವ ಮುಖದಲ್ಲಿ ಹೇಳುವುದು? ಮುಖವನ್ನು ಗೋಡೆ ಕಡೆ ತಿರುಗಿಸಿದ.

"ಸೋಮವಾರ ಬೆಳಗ್ಗೆ ಎಡಗೈಲಿ ಮತ್ತೆ ಇಟ್ಟೆ" ಎಂದಳು ಅಕ್ಕ. "ಮಧ್ಯಾಹ್ನ ಆದ್ರೂ ನೀನು ತೆಗೀಲೇ ಇಲ್ಲ. ಆಗ, ಸರಿ, ಇನ್ನು ಇವನು ಬರಲ್ಲ ಅಂದ್ಕೊಂಡೆ. ಅಷ್ಟ್ರಲ್ಲಿ ಬಾಗಿಲು ಬಡಿದೆ."

ಅವನು ಅಳುತ್ತಿದ್ದ. ಪಕ್ಕೆ ಮುರಿದವನಿಗೆ ಅಳುವುದೂ ಒಂದು ಶಿಕ್ಷೆ. ಅಕ್ಕ ಎಡಗೈಯಿಂದ ಅವನ ಕಣ್ಣು ಒರೆಸಿದಳು, ಆಮೇಲೆ ತನ್ನದನ್ನೂ ಅದೇ ಕೈಯಿಂದ ಒರೆಸಿಕೊಂಡಳು. ಟ್ಯಾಬನ್ನು ಎತ್ತಿ ಅವನ ಮುಖದ ಹತ್ತಿರ ಹಿಡಿದಳು. ಪಟ್ಟಿಯಲ್ಲಿ ಒಂದೇ ಪುಸ್ತಕ ಹಾಗೇ ಕೂತಿತ್ತು. ಸೇಲ್ ಮುಗಿದು ಮೂರು ದಿನವಾಗಿತ್ತು, ಪಕ್ಕದಲ್ಲಿ ಪೂರ್ತಿ ಬೆಲೆ ಬರೆದಿತ್ತು.

"ಇದನ್ನ ಹೀಗೇ ಬಿಟ್ರೆ ನಂಗೆ ಪಟ್ಟಿ ತೆರೆದಾಗೆಲ್ಲ ಜೀವ ಹೋಗುತ್ತೆ" ಎಂದಳು. "ನೀನು ತೆಗೆದ್ರೂ ಹೋಗುತ್ತೆ. ಕೊಂಡ್ಕೋ."

"ಅಕ್ಕ, ಕುಂಬಳಕಾಯಿ ಮುಖದ್ದು ಕಣೇ."

"ಗೊತ್ತು. ಕೊಂಡ್ಕೋ."

ಅವನು ಎಡಗೈ ಎತ್ತಿದ. ಬ್ಯಾಂಡೇಜಿನಿಂದ ಹೊರಗಿದ್ದ ಒಂದೇ ಹೆಬ್ಬೆರಳು ಒಡೆದ ಗಾಜಿನ ಮೇಲೆ ಹುಡುಕಾಡಿತು. ಅಕ್ಕ ಅವನ ಕೈಯನ್ನು ಕೆಳಗಿನಿಂದ ಆನಿಸಿ ಹಿಡಿದಳು. ಅವನು ಒತ್ತಿದ. ಆಮೇಲೆ ಅಕ್ಕ ಮೊದಲ ಪುಟ ತೆರೆದು, ಟ್ಯಾಬನ್ನು ಇಬ್ಬರಿಗೂ ಕಾಣುವ ಹಾಗೆ ದಿಂಬಿಗೆ ಒರಗಿಸಿ ಇಟ್ಟಳು. ಉಕ್ಕುಬೆನ್ನ ಹಾಸಿಗೆಯಲ್ಲಿ ಮಲಗಿ ನರಳುತ್ತಿದ್ದ. ಇಬ್ಬರೂ ಓದತೊಡಗಿದರು.